ಸಂಬಳ ಕೇಳಿದ ತಂಗಿ

ನಮ್ಮ ಓನರನ್ನು ಓನರ್ ಅಂದರೆ ಅವನಿಗೆ ಆಗುತ್ತಿರಲಿಲ್ಲ. ‘ಅಣ್ಣ ಅನ್ರವ್ವ, ನಿಮ್ ಬಾಯೇನು ಸವೆದೋಯ್ತದಾ?’ ಅನ್ನುತ್ತಿದ್ದ. ಅನ್ನುತ್ತಿದ್ದೆವು. ಎದುರಿಗೆ ಅಣ್ಣಾ, ನೀವು, ಬನ್ನಿ, ಹೋಗಿ ಎಲ್ಲ ಆಗಿದೆ. ಇಷ್ಟು ವರ್ಷ ಕಳೆದ ಮೇಲೂ ಇಲ್ಲಿ ಕೂತು ಅವನಿಗೆ ಬಹುವಚನ ಹಾಕಿ ಬರೆಯುವ ದರ್ದು ನನಗಿಲ್ಲ. ಅವನು ಅಂತಲೇ ಬರೆಯುತ್ತೇನೆ.

ಹಾರೋಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವನದು ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. ಆಗ ಅಲ್ಲಿ ದಿನಕ್ಕೊಂದು ಕಾಂಪೌಂಡು ಏಳುತ್ತಿತ್ತು. ನಿನ್ನೆ ಹುರುಳಿ ಬೆಳೆದಿದ್ದ ಹೊಲದಲ್ಲಿ ಇವತ್ತು ಶೀಟಿನ ಶೆಡ್ಡು. ಒಳಗೆ ಏನಾದರೂ ಮಾಡಿಕೊಳ್ಳಲಿ, ಮಾಡಿದ್ದನ್ನು ತುಂಬಿ ಕಳಿಸೋದಕ್ಕೆ ಎಲ್ಲರಿಗೂ ಡಬ್ಬ ಬೇಕಲ್ಲ, ಆ ಡಬ್ಬ ಇವನದು. ಮಷೀನಿನ ಹತ್ತಿರ ಗಂಡಸರು, ಅಂಟು ಹಚ್ಚಿ ಮಡಚಿ ಕಟ್ಟೋದಕ್ಕೆ ಹೆಂಗಸರು. ನಾನು ಆಫೀಸಿನವಳು. ಹಾಜರಿ, ಬಿಲ್ಲು, ಲಾರಿ ಬಂದರೆ ಚಲನ್, ಫೋನ್ ಬಂದರೆ ಫೋನ್. ಚನ್ನಪಟ್ಟಣದಲ್ಲಿ ಬಿ.ಕಾಂ. ಓದಿದ್ದೆ. ವಿರೂಪಾಕ್ಷಿಪುರದ ಕಡೆ ಹುಟ್ಟಿ, ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ರಸ್ತೆಯ ಒಂದು ಊರಿಗೆ ಸೊಸೆಯಾಗಿ ಬಂದಿದ್ದೆ.

ಅವನೇನು ಹುಟ್ಟಾ ಸಾಹುಕಾರನಲ್ಲ. ಇಂಡಸ್ಟ್ರಿಗೆ ಅಂತ ಸರ್ಕಾರ ಜಮೀನು ಹಿಡಿದಾಗ ಅವರಪ್ಪನ ಹೊಲದಲ್ಲಿ ಅರ್ಧ ಹೋಯಿತು, ಪರಿಹಾರ ಬಂತು. ಅಕ್ಕಪಕ್ಕದವರು ಆ ದುಡ್ಡಲ್ಲಿ ಮದುವೆ ಮಾಡಿದರು, ಗಾಡಿ ತಂದರು, ಚುನಾವಣೆಗೆ ನಿಂತರು, ಬರಿಗೈಯಾದರು. ಇವನು ಡಬ್ಬದ ಮಷೀನು ತಂದ. ಅಷ್ಟರಮಟ್ಟಿಗೆ ಬುದ್ಧಿವಂತ, ಇಲ್ಲ ಅನ್ನಲ್ಲ. ಆದರೆ ಜೀವಮಾನದಲ್ಲಿ ಒಂದೇ ಒಂದು ಸಲ ಬುದ್ಧಿ ಓಡಿಸಿದವನು ಆಮೇಲೆ ಬಾಯಿಬಿಟ್ಟದ್ದೆಲ್ಲ ಬುದ್ಧಿಮಾತು ಅಂದುಕೊಂಡರೆ ಕೇಳುವವರ ಕಿವಿ ಗತಿಯೇನು? ಬಿಳಿ ಷರಟು, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಹಗ್ಗದಷ್ಟು ದಪ್ಪ ಚಿನ್ನದ ಸರ ಸುತ್ತಿಕೊಂಡು, ಬೆಳಿಗ್ಗೆ ಬಂದು ಅಂಟಿನ ಡ್ರಮ್ಮಿನ ಪಕ್ಕ ನಿಂತು ಭಾಷಣ ಬಿಗಿಯುತ್ತಿದ್ದ. ‘ಇದು ಕಾರ್ಖಾನೆ ಅಲ್ಲ ಕಣ್ರವ್ವ, ನಮ್ಮನೆ. ನೀವೆಲ್ಲ ನನ್ ತಂಗೇರು.’

ಮನೆ ಅಂದಮೇಲೆ ಮನೆಯವರು ಹೊತ್ತು ನೋಡುತ್ತಾರಾ? ಆದ್ದರಿಂದ ಓಟಿ ಇಲ್ಲ. ತಂಗಿ ಅಂದಮೇಲೆ ಅಣ್ಣನಿಗೆ ಕಷ್ಟ ಬಂದಾಗ ಭಾನುವಾರ ಬರದೆ ಇರುತ್ತಾಳಾ? ಆದ್ದರಿಂದ ಭಾನುವಾರವೂ ಬರಬೇಕು. ಯಾರಿಗಾದರೂ ಜ್ವರ ಬಂದರೆ ತಲೆ ಮುಟ್ಟಿ ನೋಡಿ, ‘ಅಯ್ಯೋ, ಕಾಯ್ತಾ ಐತಲ್ಲವ್ವ, ಹೋಗು, ಮನಿಕೊ’ ಅಂತ ಕಣ್ಣಲ್ಲಿ ನೀರು ತಂದುಕೊಂಡು ಕಳಿಸುತ್ತಿದ್ದ. ಆ ದಿನದ ಸಂಬಳ ಹಿಡಿಯೋದಕ್ಕೆ ನನಗೆ ಸನ್ನೆ ಮಾಡುತ್ತಿದ್ದ. ಇದೂ ಒಂದು ಕಲೆ ಬಿಡಿ. ಅಂಟು ಹಚ್ಚುವ ಹೆಂಗಸರು ಅವನನ್ನು ದೇವರಂಥ ಮನುಷ್ಯ ಅನ್ನುತ್ತಿದ್ದರು. ಪಕ್ಕದ ಫ್ಯಾಕ್ಟರಿಯಲ್ಲಿ ಬೈದು ಹೆಚ್ಚು ಕೊಡುತ್ತಿದ್ದರು. ಇಲ್ಲಿ ಬೈಯದೆ ಕಮ್ಮಿ ಕೊಡುತ್ತಿದ್ದ. ಬೈಯದಿರೋದಕ್ಕೆ ನಮ್ಮ ಜನ ಎಷ್ಟೊಂದು ಬೆಲೆ ತೆರುತ್ತಾರೆ ಅಂತ ನನಗೆ ಗೊತ್ತಾದದ್ದೇ ಅಲ್ಲಿ.

ಎರಡು ವರ್ಷವಾದರೂ ನನ್ನ ಸಂಬಳ ಸೇರಿದ ದಿನ ಎಷ್ಟಿತ್ತೋ ಅಷ್ಟೇ ಇತ್ತು. ನನ್ನ ಪಾಡಿಗೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ನಮ್ಮ ಮನೆಯಲ್ಲಿ ಸುಮ್ಮನಿರಲು ಬಿಡಲಿಲ್ಲ.

ನಮ್ಮ ಅತ್ತೆಯ ಮನೆಯಲ್ಲಿ ರೇಷ್ಮೆ. ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ಹುಳದ ಮನೆ. ಹುಳ ಸಾಕಿದವರಿಗೆ ಗೊತ್ತು, ಅದು ಕೂಸಿಗಿಂತ ಕಡೆ. ಹೊತ್ತು ಹೊತ್ತಿಗೆ ಸೊಪ್ಪು ಕೊಯ್ದು ಹಾಕಬೇಕು, ಕಸ ತೆಗೆಯಬೇಕು, ಇರುವೆ ಕಾಯಬೇಕು. ಮೀನು ತಿಂದ ಬಾಯಲ್ಲಿ ಒಳಗೆ ಹೋಗಬಾರದು, ಮುಟ್ಟಾದವರು ಹೋಗಬಾರದು. ಅಷ್ಟೆಲ್ಲ ಮಾಡಿ ಗೂಡು ಕಟ್ಟಿಸಿ ರಾಮನಗರದ ಮಾರ್ಕೆಟ್ಟಿಗೆ ಹೊತ್ತರೆ ಅಲ್ಲಿ ರೇಟು ಬಿದ್ದಿರುತ್ತೆ. ನಮ್ಮತ್ತೆಯ ಲೆಕ್ಕ ಬಹಳ ನೇರವಾಗಿತ್ತು. ‘ಸೊಪ್ಪು ಕೊಯ್ಯೋ ಆಳಿಗೆ ನಾನು ಕೊಡೋ ಕೂಲಿ ನಿನ್ ಸಂಬಳಕ್ಕಿಂತ ಜಾಸ್ತಿ ಐತೆ ಕಣವ್ವ. ನೀನು ಮನೇಲಿದ್ರೆ ಆಳೇ ಬ್ಯಾಡ. ಅಲ್ಲೋಗಿ ಡಬ್ಬ ಎಣ್ಸೋ ಬದ್ಲು ಇಲ್ಲಿ ಹುಳ ನೋಡ್ಕೊ.’

ನಮ್ಮ ಮನೆಯವರು, ಅಂದರೆ ಯಜಮಾನರು, ಇಂಥ ಮಾತು ಬಂದಾಗಲೆಲ್ಲ ಎದ್ದು ಹಸುಗಳಿಗೆ ನೀರು ತೋರಿಸಲು ಹೋಗುತ್ತಿದ್ದರು. ನಮ್ಮ ಹಸುಗಳಷ್ಟು ನೀರು ಕುಡಿದ ಹಸುಗಳು ತಾಲ್ಲೂಕಿನಲ್ಲೇ ಇರಲಿಲ್ಲ.

ಕೊನೆಗೆ ಅತ್ತೆ ಗಡುವು ಕೊಟ್ಟರು. ಗೌರಿ ಗಣೇಶ ಆದಮೇಲೆ ಚಾಕಿ ತರಿಸುವುದು ಅಂತ ಆಗಿತ್ತು, ಅಂದರೆ ಎಳೆ ಹುಳ. ಅಷ್ಟರೊಳಗೆ ಸಂಬಳ ಆಳಿನ ಕೂಲಿ ದಾಟಿದರೆ ಸರಿ, ಇಲ್ಲದಿದ್ದರೆ ಕೆಲಸ ಬಿಡಬೇಕು.

ಡಬ್ಬದ ಮೇಲೆ ನನಗೇನು ಮಮತೆ ಇತ್ತೇ? ಅಂಟಿನ ವಾಸನೆಗೆ ತಲೆ ಸಿಡಿಯುತ್ತಿತ್ತು. ಆದರೆ ಬೆಳಿಗ್ಗೆ ಕನಕಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ, ಸಂಜೆ ಇಳಿಯುವತನಕ ನಾನು ಯಾರ ಸೊಸೆಯೂ ಅಲ್ಲ. ಲಾರಿ ಡ್ರೈವರುಗಳು ‘ಮೇಡಂ, ಬಿಲ್ಲು’ ಅನ್ನುತ್ತಿದ್ದರು. ಮೇಡಂ ಅನ್ನಿಸಿಕೊಂಡ ಕಿವಿಗೆ ಹುಳದ ಮನೆಯ ಕತ್ತಲಲ್ಲಿ ಹುಳ ಸೊಪ್ಪು ಮೇಯುವ ಸದ್ದು ಕೇಳುತ್ತ ಕೂರು ಅಂದರೆ ಹೇಗಾಗಬೇಡ? ನನಗೆ ಹೆದರಿಕೆಯಾಗಿತ್ತು. ಬಾಯಿಬಿಟ್ಟು ಹೇಳುತ್ತಿದ್ದೇನೆ, ಆ ಒಂದು ತಿಂಗಳು ನನಗೆ ಹೊಟ್ಟೆಗೆ ಅನ್ನ ಸೇರಲಿಲ್ಲ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಅವನ ಕ್ಯಾಬಿನ್ನಿಗೆ ಹೋದೆ. ಕ್ಯಾಬಿನ್ ಅಂದರೆ ನನ್ನ ಮೇಜಿನ ಹಿಂದೆಯೇ ಒಂದು ಪ್ಲೈವುಡ್ ಗೋಡೆ, ಗಾಜಿನ ಬಾಗಿಲು, ಒಳಗೆ ತಿರುಗುವ ಕುರ್ಚಿ.

‘ಅಣ್ಣಾ, ಸಂಬಳ ಒಸಿ ಜಾಸ್ತಿ ಮಾಡ್ಬೇಕು.’

ಅವನು ಕುರ್ಚಿಯನ್ನು ಒಂದು ಸುತ್ತು ಪೂರಾ ತಿರುಗಿಸಿ ಮತ್ತೆ ನನ್ನ ಕಡೆಗೇ ಬಂದ. ಮುಖದ ತುಂಬ ನೋವು. ಯಾರೋ ಹತ್ತಿರದವರು ಸತ್ತ ಸುದ್ದಿ ತಂದಿದ್ದೆನೋ ಅನ್ನಬೇಕು.

‘ಏನವ್ವ, ನನ್ನ ಹೊರಗಿನೋನು ಮಾಡ್ಬುಟ್ಟೆಯಲ್ಲ.’

‘ಹಂಗಲ್ಲ ಅಣ್ಣ. ಮನೇಲಿ ಕೆಲ್ಸ ಬುಡು ಅಂತವ್ರೆ. ಸಂಬಳ ಸಾಲಲ್ಲ.’

‘ಸಂಬಳ, ಸಂಬಳ. ಅಣ್ಣ ತಂಗಿ ಮಧ್ಯ ಸಂಬಳದ ಮಾತು ಯಾಕವ್ವ ಬರ್ಬೇಕು? ಈ ಸಲ ಗೌರಿ ಹಬ್ಬ ನಮ್ಮನೇಲಿ ಜೋರಾಗಿ ಮಾಡ್ತಾ ಇವ್ನಿ. ಎಲ್ಲ ತಂಗೇರಿಗೂ ಮೊರದ ಬಾಗಿನ. ತವರು ಮನೆ ಅನ್ಕೊಂಡು ಬಾ. ನಿನ್ ವಿಷ್ಯ ಅವತ್ತು ನೋಡಣ.’

ಮೂಗಿಗೆ ತುಪ್ಪ ಹಚ್ಚಿ ಕಳಿಸಿದ. ಮನೆಗೆ ಬಂದು ಹೇಳಿದೆ. ಸಂಬಳ ಏನಾಯಿತು ಅಂತ ಕೇಳಬೇಕಾದ ನಮ್ಮತ್ತೆ, ‘ಬಾಗಿನ ಕೊಡ್ತಾರಂತಾ? ಸೀರೇನೂ ಇಟ್ಟು ಕೊಡ್ತಾರಾ, ಬರೀ ಕಣನಾ?’ ಅಂತ ಕೇಳಿದರು. ಕಣ ಅಂದರೆ ರವಿಕೆ ಬಟ್ಟೆ. ಆಮೇಲೆ ಪಕ್ಕದ ಮನೆಗೆ ಹೋಗಿ, ‘ನಮ್ಮ ಸೊಸೆ ಓನರ್ರು ಒಡಹುಟ್ಟಿದೋಳಂಗೆ ನೋಡ್ಕೋತಾರೆ’ ಅಂತ ಜಂಬ ಕೊಚ್ಚಿ ಬಂದರು. ಬಂದು, ಚಾಕಿಗೆ ಹೇಳಿಯಾಯ್ತು ಅಂತಲೂ ಅಂದರು.

ಆ ವರ್ಷ ನಮ್ಮ ಸೀಮೆಯ ಗಂಡಸರಿಗೆಲ್ಲ ಅಕ್ಕತಂಗಿಯರ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿ ಹರಿದಿತ್ತು. ಬಿಡದಿಯಿಂದ ಹಿಡಿದು ಹಾರೋಹಳ್ಳಿ ತನಕ ಎಲ್ಲಿ ನೋಡಿದರೂ ಜಮೀನು ಹಿಡಿಯುವ ಮಾತು. ಇನ್ನೊಂದು ಕಡೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಹೊಸದಾಗಿ ಕಾನೂನು ಆಗಿತ್ತು. ಅಪ್ಪ ಸತ್ತು ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇದ್ದರೆ, ಪರಿಹಾರದ ದುಡ್ಡು ಕೈಗೆ ಬರೋದಕ್ಕೆ ಹೆಣ್ಣುಮಕ್ಕಳು ನಮಗೇನೂ ಬೇಡ ಅಂತ ಸಹಿ ಹಾಕಬೇಕು. ಸುಮ್ಮನೆ ಹಾಕು ಅಂದರೆ ಹಾಕುತ್ತಾರಾ? ಹತ್ತು ವರ್ಷದಿಂದ ನೆನಪಾಗದ ಅಕ್ಕ ಆಗ ನೆನಪಾಗುತ್ತಾಳೆ. ಗೌರಿ ಹಬ್ಬ ಹತ್ತಿರವಿದ್ದರೆ ಇನ್ನೂ ಅನುಕೂಲ. ಬಾಗಿನ ಕೊಟ್ಟು, ಒಬ್ಬಟ್ಟು ಬಡಿಸಿ, ಕೈ ತೊಳೆದು ಬಂದ ಕೂಡಲೇ ಪೆನ್ನು ಕೊಡುವುದು. ಅರಿಶಿನ ಕುಂಕುಮ ಹಚ್ಚಿಕೊಂಡ ಕೈ ತವರಿಗೆ ಇಲ್ಲ ಅನ್ನಲ್ಲ. ಬಸ್ಸಿನಲ್ಲಿ ಹೆಂಗಸರು ಇದನ್ನೇ ಮಾತಾಡಿಕೊಳ್ಳುತ್ತಿದ್ದರು. ಕೆಲವರು ಹೊಸ ಸೀರೆಯನ್ನು ಮುಟ್ಟಿ ಮುಟ್ಟಿ ತೋರಿಸುತ್ತ ಮಾತಾಡುತ್ತಿದ್ದರು, ಅದಕ್ಕೆ ಏನು ಹೇಳಲಿ.

ನಮ್ಮ ಅಣ್ಣನ ಹಬ್ಬ ಯಾಕೆ ಜೋರಾಗಿತ್ತು ಅನ್ನೋದು ನನಗೆ ಪ್ಲೈವುಡ್ಡಿನ ಈಚೆಯಿಂದಲೇ ಗೊತ್ತಾಯಿತು. ಅವನು ಫೋನಲ್ಲಿ ಮಾತಾಡಿದರೆ ಫೋನೇ ಬೇಕಿರಲಿಲ್ಲ, ಅಷ್ಟು ಜೋರು ಗಂಟಲು. ಅವನ ಅಪ್ಪನ ಹೊಲದಲ್ಲಿ ಉಳಿದ ಅರ್ಧವೂ ಈಗ ಇಂಡಸ್ಟ್ರಿಗೆ ಹೋಗುವುದರಲ್ಲಿತ್ತು. ಅವನಿಗೆ ಒಬ್ಬಳೇ ಅಕ್ಕ, ಮಾಗಡಿ ಕಡೆಗೆ ಕೊಟ್ಟಿತ್ತು. ‘ಅವಳ್ನ ಕರೆದು ಆರೇಳು ವರ್ಷ ಆಗೋಯ್ತು ಕಣಣ್ಣ. ಈ ಸಲ ಕಾರು ಕಳಿಸ್ತಾ ಇವ್ನಿ. ಪತ್ರ ಬರೆಯೋನ್ಗೂ ಹೇಳಿವ್ನಿ, ಒಳಗಡೆ ರೂಮಲ್ಲಿ ಕೂತಿರ್ತಾನೆ. ಊಟ ಆಗಿದ್ದೇ ಸಹಿ ಹಾಕಿಸ್ಕೊಂಡ್ಬುಡಣ. ನಮ್ಮಕ್ಕ ಪಾಪ, ಹಸ ಇದ್ದಂಗೆ.’ ಇದಿಷ್ಟನ್ನೂ ಹೇಳಿ ಹೊರಗೆ ಬಂದು, ‘ಊಟ ಆಯ್ತಾ ತಂಗ್ಯವ್ವ?’ ಅಂತ ನನ್ನನ್ನು ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಗೌರಿ ಹಬ್ಬದ ದಿನ ಹೋದೆ. ಹೋಗದೆ ಇದ್ದರೆ ಸಂಬಳದ ಮಾತು ಅಲ್ಲಿಗೇ ಮುಗಿಯುತ್ತಿತ್ತಲ್ಲ. ಕಾರ್ಖಾನೆಯ ಹಿಂದುಗಡೆಯೇ ಅವನ ಹೊಸ ಮನೆ. ಗಚ್ಚಿನ ಎರಡು ಆನೆ ಬಾಗಿಲಲ್ಲಿ ಸೊಂಡಿಲೆತ್ತಿ ನಿಂತಿದ್ದವು. ಒಂದರ ಸೊಂಡಿಲಿಗೆ ಯಾರೋ ಒದ್ದೆ ಟವೆಲ್ಲು ಒಣಹಾಕಿದ್ದರು. ನಡುಮನೆಯಲ್ಲಿ ಗೌರಮ್ಮನನ್ನು ಕೂರಿಸಿ, ಎದುರಿಗೆ ಮೊರಗಳನ್ನು ಜೋಡಿಸಿದ್ದರು. ಅಂಟು ಹಚ್ಚುವ ಹೆಂಗಸರೆಲ್ಲ ತಲೆಗೆ ಹೂವು ಮುಡಿದು ಚಾಪೆಯ ಮೇಲೆ ಕೂತಿದ್ದರು. ದೇವರ ಪಕ್ಕದಲ್ಲೇ ಕುರ್ಚಿ ಹಾಕಿ ಅಕ್ಕನನ್ನು ಕೂರಿಸಿದ್ದರು. ಐವತ್ತು ದಾಟಿದ ಹೆಂಗಸು. ಒಣಗಿದ ಮೈ, ಒಡೆದ ಹಿಮ್ಮಡಿ, ಮೇಲೆ ಅವತ್ತೇ ಉಡಿಸಿದ ಜರಿ ಸೀರೆ. ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲದವರ ಹಾಗೆ ತುದಿಯಲ್ಲಿ ಕೂತಿದ್ದರು. ಫೋಟೋದವನು ಬಂದಿದ್ದ. ಒಳಗಿನ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಪತ್ರ ಬರೆಯುವವನು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೋಡುಬಳೆ ತಿನ್ನುತ್ತಿದ್ದ.

ಒಬ್ಬೊಬ್ಬರನ್ನೇ ಕರೆದು ಅವನ ಹೆಂಡತಿ ಮೊರ ಕೊಡುತ್ತಿದ್ದಳು. ಇವನು ಪಕ್ಕದಲ್ಲಿ ಕೈಮುಗಿದುಕೊಂಡು ಫೋಟೋಗೆ ನಿಲ್ಲುತ್ತಿದ್ದ. ನನ್ನ ಸರದಿ ಬಂತು. ಮೊರದಲ್ಲಿ ಎರಡು ಡಜನ್ ಬಳೆ, ಬಾಚಣಿಗೆ, ಅಂಗೈಯಗಲದ ಕನ್ನಡಿ, ಅಕ್ಕಿ ಬೇಳೆ, ಬೆರಳು ತೂರಿಸಿದರೆ ಆಚೆ ಕಾಣುವಂಥ ಒಂದು ಕಣ. ಎರಡು ವರ್ಷದ ದುಡಿಮೆಯ ಮಾತಿಗೆ ಇದು ಉತ್ತರವಂತೆ. ನಾನು ಸೆರಗು ಒಡ್ಡಲಿಲ್ಲ.

‘ತಗೊಳವ್ವ’ ಅಂದಳು ಅವನ ಹೆಂಡತಿ.

‘ತಗೋತೀನಕ್ಕ. ಅಣ್ಣಾ, ಹಬ್ಬದ ದಿನ ನೋಡಣ ಅಂದಿದ್ರಿ. ಸಂಬಳದ ವಿಷ್ಯ ಹೇಳ್ಬುಡಿ.’

ಫೋಟೋದವನು ಕ್ಯಾಮೆರಾ ಇಳಿಸಿದ. ಚಾಪೆಯ ಮೇಲೆ ಗುಸುಗುಸು ಆಯಿತು. ಅವನಿಗೆ ಸಿಟ್ಟು ಬಂದಿರಬೇಕು, ಆದರೆ ಅಷ್ಟು ಜನರೆದುರು ಸಿಟ್ಟು ಮಾಡಿಕೊಂಡರೆ ಅಣ್ಣ ಹೇಗಾದಾನು? ಹಲ್ಲು ಕಿರಿದು, ಅಕ್ಕನ ಕಡೆ ತಿರುಗಿ, ನನ್ನನ್ನು ತಮಾಷೆ ಮಾಡಿಬಿಡೋಣ ಅಂದುಕೊಂಡ.

‘ನೋಡಕ್ಕ ನೋಡು, ಗೌರಮ್ಮನ ಮುಂದೆ ನಿಂತ್ಕೊಂಡು ಸಂಬಳ ಕೇಳ್ತಾವ್ಳೆ! ಅಲ್ಲ ಕಣವ್ವ, ಒಡಹುಟ್ಟಿದೋಳು ಯಾವತ್ತಾದ್ರೂ ಅಣ್ಣನ್ ತಾವ ಸಂಬಳ ಕೇಳಿದ್ದುಂಟಾ?’

ನಾನೇನು ಯೋಚನೆ ಮಾಡಿಕೊಂಡು ಹೋಗಿರಲಿಲ್ಲ. ಆ ನಗುವನ್ನು ನೋಡಿ ಬಾಯಿಗೆ ಬಂತು.

‘ಒಡಹುಟ್ಟಿದೋಳು ಸಂಬಳ ಯಾಕೆ ಕೇಳ್ತಾಳೆ ಅಣ್ಣ? ಪಾಲು ಕೇಳ್ತಾಳೆ.’

ಒಳಗೆ ಕೋಡುಬಳೆ ಕಡಿಯುವುದು ನಿಂತಿತು. ಅವನ ಮುಖದಿಂದ ನಗು ಹೋಗಲಿಲ್ಲ, ಅಲ್ಲೇ ಸೆಟೆದುಕೊಂಡಿತು. ಆಮೇಲೆ ಒಂದೇ ಉಸಿರಿಗೆ, ‘ಆಯ್ತು ಕಣವ್ವ, ಆಯ್ತು! ಮುಂದಿನ್ ತಿಂಗಳಿಂದ ಸಾವ್ರ ರೂಪಾಯಿ ಜಾಸ್ತಿ. ಸಮಾಧಾನನಾ? ಬಾಗಿನ ತಗೊ. ಎಲೆ ಹಾಕ್ರಪ್ಪ, ಊಟಕ್ಕೆ ಎಲೆ ಹಾಕ್ರಿ’ ಅಂದ.

ಎರಡು ವರ್ಷ ದುಡಿದರೂ ಅಲ್ಲಾಡದೆ ಇದ್ದದ್ದು ಒಂದು ಮಾತಿಗೆ ಉದುರಿತು. ನನ್ನ ದುಡಿಮೆಗೆ ಕೊಟ್ಟದ್ದಲ್ಲ, ಬಾಯಿ ಮುಚ್ಚಿಸಲು ಕೊಟ್ಟದ್ದು ಅಂತ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಆಳಿನ ಕೂಲಿ ದಾಟಿತಲ್ಲ, ಹುಳದ ಮನೆ ತಪ್ಪಿತಲ್ಲ ಅಂತ ಮೈ ಹಗುರವಾಯಿತು. ಮೊರ ತೆಗೆದುಕೊಂಡೆ.

ಅಷ್ಟರಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದ ಅಕ್ಕ ಬಾಯಿಬಿಟ್ಟರು. ‘ನಾನೇ ಕೇಳಿಲ್ಲ. ಪಾಲು ಗೀಲು ಅನ್ನಕ್ಕೆ ನೀನ್ಯಾವಳವ್ವ?’

ಚಾಪೆಯವರೆಲ್ಲ ನನ್ನನ್ನೇ ನೋಡಿದರು. ಅವನಿಗೆ ಹೋದ ಜೀವ ಬಂತು. ‘ಅಕ್ಕ ಅಂದ್ರೆ ಹಿಂಗಿರ್ಬೇಕು ಕಣ್ರವ್ವ, ನೋಡಿ ಕಲೀರಿ’ ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಕೂತು ಊಟ ಮಾಡಿದೆ. ಒಬ್ಬಟ್ಟು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಊಟ ಮುಗಿಸಿ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಪಕ್ಕದ ನಲ್ಲಿಗೆ ಯಾರೋ ಬಂದರು. ನೋಡಿದರೆ ಅಕ್ಕ. ನನ್ನ ಮುಖ ನೋಡದೆ, ನಲ್ಲಿಯನ್ನು ಜೋರಾಗಿ ತಿರುಗಿಸಿ, ಆ ನೀರಿನ ಸದ್ದಿನಲ್ಲಿ ಕೇಳಿದರು.

‘ಸಹಿ ಹಾಕ್ದೆ ಹೋದ್ರೆ ಏನ್ ಮಾಡ್ತಾರವ್ವ?’

‘ಏನೂ ಮಾಡಕ್ಕಾಗಲ್ಲಮ್ಮ. ನೀವು ಹಾಕ್ದೆ ದುಡ್ಡು ಅವ್ರ ಕೈಗೆ ಬರಲ್ಲ. ನಿಮ್ ಪಾಲು ನಿಮ್ದು.’

ಕೈ ತೊಳೆದದ್ದಾಗಿತ್ತು. ಮತ್ತೆ ತೊಳೆದರು. ‘ತವರು ಮನೆ ಬಾಗ್ಲು ಮುಚ್ಕೋತದಲ್ಲವ್ವ.’

‘ಇಷ್ಟು ವರ್ಷ ತೆಗೆದಿತ್ತಾ?’

ಕೇಳಬಾರದಿತ್ತೇನೋ. ಅವರ ಗಲ್ಲ ಅದುರಿತು. ಹೊಸ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ನಾನು ಮೊರ ಎತ್ತಿಕೊಂಡು ಬಸ್ಸಿಗೆ ಹೋದೆ.

ಗಣೇಶನನ್ನು ಬಿಟ್ಟು ಕೆಲಸಕ್ಕೆ ಹೋದ ದಿನ ಕ್ಯಾಬಿನ್ನಿನಿಂದ ಕರೆ ಬಂತು. ಅವನು ಕುರ್ಚಿ ತಿರುಗಿಸಲಿಲ್ಲ.

‘ನಮ್ಮಕ್ಕನ್ ತಾವ ಏನ್ ಅಂದೆ?’

‘ಅವ್ರು ಕೇಳಿದ್ರು, ಹೇಳ್ದೆ.’

‘ಕನ್ನಡಕ ತಂದಿಲ್ಲ ಕಣಪ್ಪ, ಓದ್ದೆ ಹೆಂಗಪ್ಪ ಸಹಿ ಹಾಕ್ಲಿ ಅಂದ್ಬುಟ್ಲು. ಅವಳಿಗೆ ಓದಕ್ಕೇ ಬರಲ್ಲ! ಅಂದ್ಬುಟ್ಟು ನಾನು ಕಳ್ಸಿದ್ ಕಾರಲ್ಲೇ ಹತ್ತಿ ಹೊರಟೋದ್ಲು.’

ನನಗೆ ನಗು ತಡೆಯಲಿಕ್ಕಾಗಲಿಲ್ಲ. ಹಸ ಇದ್ದಂಗೆ ಅಂದಿದ್ದನಲ್ಲ! ನನ್ನ ನಗು ಅವನಿಗೆ ಕಾಣಿಸಿತು, ಆದರೂ ನುಂಗಿಕೊಂಡ. ಮೇಜಿನ ಮೇಲೆ ಬಗ್ಗಿ, ದನಿ ಇಳಿಸಿ, ವ್ಯಾಪಾರಕ್ಕೆ ಬಂದ.

‘ನೋಡವ್ವ. ಕೆಡಿಸಿದೋಳು ನೀನು, ನೀನೇ ಸರಿ ಮಾಡು. ಮಾಗಡಿಗೆ ಕಾರಲ್ಲಿ ಕಳಿಸ್ತೀನಿ. ಓದಿರೋಳು ನೀನು, ನಿನ್ ಮಾತು ನಂಬ್ತಾಳೆ. ಕಾನೂನು ಹಂಗಿಲ್ವಂತೆ, ನಾನು ಸರ್ಯಾಗಿ ತಿಳ್ಕೊಂಡಿರ್ಲಿಲ್ಲ ಅಂತ ಹೇಳ್ಬುಡು. ನಿನ್ ಸಂಬಳ ಡಬಲ್. ಈ ತಿಂಗಳಿಂದ್ಲೇ.’

ಆಸೆ ಆಗಲಿಲ್ಲ ಅಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತೆ. ಡಬಲ್ ಸಂಬಳ ತಂದು ಮುಂದಿಟ್ಟರೆ ನಮ್ಮತ್ತೆ ಇನ್ನು ಜನ್ಮದಲ್ಲಿ ಕೆಲಸ ಬಿಡು ಅನ್ನುತ್ತಿರಲಿಲ್ಲ. ಒಂದೇ ಒಂದು ಸುಳ್ಳು, ಅದೂ ನನಗೆ ಏನೂ ಆಗಬೇಕಾಗಿರದ ಒಬ್ಬ ಹೆಂಗಸಿಗೆ. ಮೊನ್ನೆಯಷ್ಟೇ ಎಲ್ಲರೆದುರು ನನ್ನ ಮಾನ ಕಳೆದವಳು ಬೇರೆ. ಒಪ್ಪಿಕೊಂಡರೆ ಏನು ಗಂಟು ಹೋಗುತ್ತಿತ್ತು? ಆದರೆ ತಲೆಯೆತ್ತಿ ನೋಡಿದರೆ ಅವನು ಆಗಲೇ ಡ್ರೈವರಿಗೆ ಹೇಳೋದಕ್ಕೆ ಫೋನು ಕೈಗೆತ್ತಿಕೊಂಡಿದ್ದ. ನಾನು ಹ್ಞೂಂ ಅನ್ನೋದಕ್ಕೂ ಕಾಯಲಿಲ್ಲ. ಅಷ್ಟು ಖಾತ್ರಿ ಅವನಿಗೆ! ಎರಡು ವರ್ಷ ಅಣ್ಣಾ ಅಣ್ಣಾ ಅನ್ನಿಸಿಕೊಂಡು, ನನ್ನ ಬಗ್ಗೆ ಅವನು ತಿಳಿದುಕೊಂಡದ್ದು ಅಷ್ಟೇ. ನನಗೆ ಹೇಸಿಗೆ ಆಯಿತು.

‘ಒಡಹುಟ್ಟಿದೋರು ನೀವು. ನೀವೇ ಹೋಗಿ ಮಾತಾಡಿ’ ಅಂದೆ.

‘ಹಂಗಾದ್ರೆ ನಾಳೆಯಿಂದ ಬರ್ಬ್ಯಾಡ.’

‘ನಾಳೆಯಿಂದ ಯಾಕೆ, ಈಗ್ಲೇ ಹೋಯ್ತೀನಿ. ಇಲ್ಲೀಗಂಟ ದುಡಿದಿರೋದ್ನ ಕೊಡಿ ಓನರೇ.’

ಕೊಟ್ಟ. ಅಂಟು ಹಚ್ಚುವ ಹೆಂಗಸರು ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿ ಅಂಟು ಹಚ್ಚಿದರು. ಅವರನ್ನು ಬೈಯಲಿಕ್ಕೂ ನನಗೆ ಮನಸ್ಸು ಬರಲಿಲ್ಲ.

ಬಸ್ಸಿನಲ್ಲಿ ಅತ್ತುಬಿಟ್ಟೆ. ಗೆದ್ದವಳ ಹಾಗೆ ಹೊರಟು ಬಂದಿದ್ದೆ, ಸೀಟಿನಲ್ಲಿ ಕೂತ ಮೇಲೆ ಗೆದ್ದದ್ದು ಏನು ಅಂತ ತಿಳಿಯಲಿಲ್ಲ. ಎಳೆ ಹುಳ ಮನೆಗೆ ಬಂದಾಗಿತ್ತು. ಇನ್ನು ಜೀವಮಾನವಿಡೀ ಸೊಪ್ಪು ಕೊಯ್ಯುವುದೇ ಅಂದುಕೊಂಡು ಇಳಿದೆ.

ಸಂಜೆ ಮುದ್ದೆ ಮುರಿಯುವ ಹೊತ್ತಿಗೆ ಎಲ್ಲ ಹೇಳಿದೆ. ಕೆಲಸ ಬಿಡು ಬಿಡು ಅಂತ ಪ್ರಾಣ ತಿಂದಿದ್ದ ನಮ್ಮತ್ತೆ ಎದೆ ಬಡಿದುಕೊಂಡರು. ‘ಡಬಲ್ ಕೊಡ್ತೀನಿ ಅಂದ್ರೂ ಬುಟ್ ಬಂದ್ಯಾ? ಯಾವಳೋ ಮಾಗಡಿಯೋಳು ಪಾಲು ಕಳ್ಕೊಂಡ್ರೆ ನಿನ್ ಗಂಟೇನೆ ಹೋಗೋದು?’

‘ಅವಳ ಗಂಟು ಅತ್ತೆ. ಅವರಪ್ಪನ ಜಮೀನಲ್ವಾ? ಅಪ್ಪ ಸತ್ತೋಗಿ ಖಾತೆ ಇನ್ನೂ ಅವ್ರ ಹೆಸರಲ್ಲೇ ಐತೆ. ಅಂಥ ಕಡೆ ಮಗಳಿಗೂ ಸಮ ಪಾಲು ಬತ್ತದೆ.’

ಅತ್ತೆಯ ಬಾಯಿ ತೆರೆದದ್ದು ಹಾಗೇ ಉಳಿಯಿತು. ನಮ್ಮ ಮನೆಯವರ ಕೈ ತಟ್ಟೆಯಲ್ಲೇ ನಿಂತಿತು. ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಮಾವ ತೀರಿಕೊಂಡು ಮೂರು ವರ್ಷವಾಗಿತ್ತು, ತೋಟ ಇನ್ನೂ ಅವರ ಹೆಸರಿನಲ್ಲೇ ಇತ್ತು. ನಮ್ಮ ಮನೆಯವರಿಗೆ ಒಬ್ಬ ತಂಗಿ ಇದ್ದಳು, ರಾಮನಗರಕ್ಕೆ ಕೊಟ್ಟಿತ್ತು.

ಯಾವತ್ತೂ ಇಂಥ ಹೊತ್ತಿಗೆ ಎದ್ದು ಹೋಗುತ್ತಿದ್ದ ನಮ್ಮ ಮನೆಯವರು ಅವತ್ತು ಏಳಲಿಲ್ಲ. ತಟ್ಟೆ ನೋಡಿಕೊಂಡೇ, ‘ದೀಪಾವಳಿಗೆ ತಂಗಿ ಬತ್ತಾಳೆ. ಅವಳ ಮುಂದೆ ಇವೆಲ್ಲ ಎತ್ಬ್ಯಾಡ ಕಣೆ’ ಅಂದರು.

ಮಾರನೇ ದಿನ ಬೆಳಿಗ್ಗೆ ಅತ್ತೆಯ ದನಿಯಲ್ಲಿ ಬೆಲ್ಲ. ‘ಮನೇಲಿ ಕೂತ್ರೆ ನಿಂಗೂ ಬೇಜಾರು ಕಣವ್ವ. ಆ ಗಾರ್ಮೆಂಟ್ಸ್‌ನೋರ ಬಸ್ಸು ಊರ ಮುಂದಕ್ಕೇ ಬತ್ತದಲ್ಲ, ಅಲ್ಲಿ ಕೇಳು. ಹಬ್ಬ ಹರಿದಿನಕ್ಕೂ ಡ್ಯೂಟಿ ಇರ್ತದಂತೆ, ಒಳ್ಳೇದೇ ಆಯ್ತು. ಹುಳಕ್ಕೆ ಆಳು ಇಟ್ಕೊಂಡ್ರಾಯ್ತು ಬುಡು.’ ಸಂಬಳ ಎಷ್ಟು ಕೊಡುತ್ತಾರೆ ಅಂತ ಕೇಳಲೇ ಇಲ್ಲ. ಯಾವ ಹುಳದ ಮನೆಗೆ ಹೆದರಿ ನಾನು ಒಂದು ತಿಂಗಳು ಅನ್ನ ಬಿಟ್ಟಿದ್ದೆನೋ, ಅದರ ಬಾಗಿಲಿಗೂ ಹೋಗದ ಹಾಗೆ ನಮ್ಮತ್ತೆಯೇ ನನ್ನನ್ನು ತಳ್ಳಿ ಬಸ್ಸು ಹತ್ತಿಸಿದರು. ಮಗಳು ಬಂದಾಗ ನಾನು ಮನೆಯಲ್ಲಿರಬಾರದು, ಅಷ್ಟೇ.

ಗಾರ್ಮೆಂಟ್ಸಿನಲ್ಲಿ ಸ್ಟೋರಿನ ಕೆಲಸ ಸಿಕ್ಕಿತು. ಅಲ್ಲಿ ಮ್ಯಾನೇಜರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ನನ್ನನ್ನು ಯಾರೂ ತಂಗಿ ಅನ್ನಲಿಲ್ಲ, ಊಟ ಆಯ್ತಾ ಅನ್ನಲಿಲ್ಲ. ತಡವಾದರೆ ಬೈಯುತ್ತಿದ್ದರು, ಓಟಿ ಮಾಡಿದರೆ ಕೊಡುತ್ತಿದ್ದರು.

ದೀಪಾವಳಿಯ ಹಿಂದಿನ ದಿನ ನಾದಿನಿ ಬಂದಳು. ನಾನು ಡ್ಯೂಟಿಯಲ್ಲಿದ್ದೆ. ಸಂಜೆ ಬಸ್ಸಿಳಿದರೆ ಊರ ಮುಂದಿನ ಕಟ್ಟೆಯ ಹತ್ತಿರ ಅವಳೇ ನಿಂತಿದ್ದಳು. ಮೈಮೇಲೆ ಹೊಸ ಸೀರೆ, ಮಡಿಕೆ ಇನ್ನೂ ಮುರಿದಿರಲಿಲ್ಲ. ಎಷ್ಟು ಹೊತ್ತಿನಿಂದ ಕಾದಿದ್ದಳೋ.

‘ಅತ್ತಿಗೆ, ಬೆಳಿಗ್ಗೆಯಿಂದ ಅವ್ವ, ಅಣ್ಣ ಇಬ್ರೂ ನನ್ನ ಮಹಾರಾಣಿ ನೋಡ್ಕೊಂಡಂಗೆ ನೋಡ್ಕೋತಾವ್ರೆ. ನಿನ್ ಮಾತು ತೆಗೆದ್ರೆ ಮಾತ್ರ ಬೇರೆ ಮಾತಿಗೆ ಹೋಯ್ತಾರೆ. ಏನ್ ವಿಷ್ಯ?’

ಹೇಳಿದರೆ ಹೋಗುವುದು ನನ್ನ ಗಂಡನ ತೋಟದಲ್ಲಿ ಒಂದು ಸಮ ಪಾಲು. ಮನೆಯ ಕಡೆ ಒಂದು ಸಲ ನೋಡಿದೆ. ಬಾಗಿಲಲ್ಲಿ ಅತ್ತೆ ನಿಂತು ಕಣ್ಣಿಗೆ ಕೈ ಮರೆ ಮಾಡಿಕೊಂಡು ನಮ್ಮ ಕಡೆಗೇ ನೋಡುತ್ತಿದ್ದರು.

‘ಕೂತ್ಕೊ’ ಅಂದೆ ನಾದಿನಿಗೆ. ‘ನಿಂತ್ಕೊಂಡು ಹೇಳೋವಂಥದ್ದಲ್ಲ.’